ಫೋನಿಗೆ ಐವತ್ತು, ಕ್ಯಾಮೆರಾಗೆ ಇಪ್ಪತ್ನಾಲ್ಕು!

"ಮಾಮ, ನನ್ನ ಫೋನಲ್ಲೇ ಐವತ್ತು ಮೆಗಾಪಿಕ್ಸೆಲ್ ಇದೆ. ಇವರು ತೋರಿಸ್ತಿರೋ ಕ್ಯಾಮೆರಾದಲ್ಲಿ ಬರೀ ಇಪ್ಪತ್ನಾಲ್ಕು. ಅಷ್ಟು ದುಡ್ಡು ಕೊಟ್ಟು ಕಮ್ಮಿದನ್ನ ಯಾಕೆ ತಗೊಳ್ಳಲಿ?"

ಅಕ್ಕನ ಮಗಳು ಅಂಗಡಿಯ ಹೊರಗೆ ನಿಂತು ಫೋನ್ ಮಾಡಿದ್ದಳು. ಒಳಗೆ ಎರಡು ಲೆನ್ಸು, ಚೀಲ, ಸ್ಟ್ಯಾಂಡು, ಮೆಮೊರಿ ಕಾರ್ಡು ಎಲ್ಲ ಸೇರಿಸಿದ 'ಕಾಂಬೊ' ಕಟ್ಟಿಕೊಡಲು ತಯಾರಾಗಿ ಕೂತಿದ್ದರಂತೆ. "ಇವತ್ತು ಏನೂ ತಗೋಬೇಡ, ಭಾನುವಾರ ಮನೆಗೆ ಬಾ" ಅಂದೆ. ಬಂದಳು. ನನ್ನ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಲೆನ್ಸ್ ತಿರುಗಿಸಿ ಬಿಚ್ಚಿದೆ.

ಬಾಯಿ ತೆರೆದ ಕ್ಯಾಮೆರಾದಲ್ಲಿ ಮೊದಲು ಕಣ್ಣಿಗೆ ಬೀಳುವುದು 45 ಡಿಗ್ರಿ ಓರೆಯಾಗಿ ಕೂತ ಪುಟ್ಟ ಕನ್ನಡಿ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಮೇಲೊಂದು ಮಸುಕು ಪರದೆ. ಚಿತ್ರ ಮೂಡುವುದು ಅದರ ಮೇಲೆ. ಪರದೆಯ ಮೇಲಿನ ಐಮೂಲೆಯ ಗೂಡು ತಿರುಗುಮುರುಗಾದ ಆ ಚಿತ್ರವನ್ನು ನೆಟ್ಟಗೆ ಮಾಡಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ನೋಡುವುದಕ್ಕೂ ತೆಗೆಯುವುದಕ್ಕೂ ಒಂದೇ ಲೆನ್ಸು, ನಡುವೆ ಪ್ರತಿಫಲಿಸುವ ಕನ್ನಡಿ. ಎಸ್‌ಎಲ್‌ಆರ್ ಎಂಬ ಹೆಸರಿನ ಅರ್ಥ ಇಷ್ಟೇ. ಮೊದಲಲ್ಲಿರುವ 'ಡಿ' ಬಂದದ್ದು ಫಿಲ್ಮಿನ ಜಾಗಕ್ಕೆ ಡಿಜಿಟಲ್ ಸೆನ್ಸರ್ ಬಂದ ಮೇಲೆ.

ಷಟರನ್ನು ಎರಡು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದೆ. ಕಟಕ್! ಕನ್ನಡಿ ಮೇಲಕ್ಕೆ ಹಾರಿತು, ಹಿಂದಿನ ಕಪ್ಪು ಪರದೆ ಸರಿಯಿತು, ಅಂಚೆಚೀಟಿಯಷ್ಟು ಅಗಲದ, ನವಿಲಿನ ಕತ್ತಿನಂತೆ ಮಿನುಗುವ ಚೌಕ ಕಾಣಿಸಿತು. ಎರಡು ಸೆಕೆಂಡ್ ಮುಗಿದು ಎಲ್ಲ ಮತ್ತೆ ಮುಚ್ಚಿಕೊಂಡಿತು. ಧೂಳು ನುಗ್ಗುವ ಮೊದಲೇ ಲೆನ್ಸ್ ಹಾಕಿ, "ಆ ಚೌಕವೇ ಸೆನ್ಸರ್. ನಿನ್ನ ಫೋನಿನದು ಇದರ ಮುಂದೆ ಒಂದು ಕಡಲೆಬೇಳೆ" ಅಂದೆ.

ಮಳೆಗೆ ಇಟ್ಟ ಲೋಟ

ಉತ್ಪ್ರೇಕ್ಷೆಯಲ್ಲ, ಲೆಕ್ಕ ಹಾಕಿ ನೋಡಿ. ಐವತ್ತು ಮೆಗಾಪಿಕ್ಸೆಲ್ ಎಂದರೆ 5 ಕೋಟಿ ಪಿಕ್ಸೆಲ್. ಇಂಥ ಫೋನುಗಳಲ್ಲಿ ಒಂದೊಂದು ಪಿಕ್ಸೆಲ್ ಹೆಚ್ಚುಕಡಿಮೆ 1 ಮೈಕ್ರಾನ್ ಅಗಲ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಷ್ಟನ್ನೂ ಒತ್ತೊತ್ತಾಗಿ ಜೋಡಿಸಲು 50 ಚದರ ಮಿಲಿಮೀಟರ್ ಸಾಕು. ನಿಕಾನ್ ಕಂಪನಿಯ ಆರಂಭಿಕರ ಡಿಎಸ್‌ಎಲ್‌ಆರ್ ಸೆನ್ಸರಿನ ಅಳತೆ ಸುಮಾರು 23.5 × 15.6 ಮಿಲಿಮೀಟರ್. ಗುಣಿಸಿದರೆ 367 ಚದರ ಮಿಲಿಮೀಟರ್, ಫೋನಿನದಕ್ಕಿಂತ ಏಳು ಪಟ್ಟು. ಕ್ಯಾನನ್‌ನದು ಇದಕ್ಕಿಂತ ಕೊಂಚ ಚಿಕ್ಕದು. ಇಷ್ಟು ದೊಡ್ಡ ಜಾಗದಲ್ಲಿ 2.4 ಕೋಟಿ ಪಿಕ್ಸೆಲ್ ಮಾತ್ರ ಇರುವುದರಿಂದ ಒಂದೊಂದೂ ಸುಮಾರು 4 ಮೈಕ್ರಾನ್ ಅಗಲ.

ಅಗಲವಾದರೆ ಆಗುವ ಲಾಭವೇನು? ಮುಂಗಾರಿನ ಮೊದಲ ಹನಿಗಳು ಬೀಳುವಾಗ ಅಂಗಳದಲ್ಲಿ ಸಾಲಾಗಿ ನೂರು ಲೋಟ ಇಡಿ. ಎಲ್ಲದರ ಮೇಲೂ ಸುರಿಯುವುದು ಒಂದೇ ಮಳೆ. ಆದರೂ ಒಂದಕ್ಕೆ ಏಳು ಹನಿ ಬಿದ್ದರೆ ಪಕ್ಕದ್ದಕ್ಕೆ ಹನ್ನೆರಡು ಬಿದ್ದಿರುತ್ತದೆ. ಲೋಟಗಳನ್ನು ತೆಗೆದು ಹಂಡೆಗಳನ್ನಿಟ್ಟರೆ ಈ ತಾರತಮ್ಯ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲ ಹಂಡೆಗಳ ನೀರೂ ಒಂದೇ ಮಟ್ಟದಲ್ಲಿ ಕಾಣುತ್ತದೆ. ಬೆಳಕು ಬೀಳುವುದೂ ಹನಿಹನಿಯಾಗಿಯೇ ಎಂದು 1905ರಲ್ಲಿ ಐನ್‌ಸ್ಟೈನ್ ವಾದಿಸಿದರು. ಆ ಹನಿಗೆ ಈಗ ಫೋಟಾನ್ ಎಂದು ಹೆಸರು. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು 10ರಷ್ಟು, ಅಂದರೆ ಶೇ 10. ಸರಾಸರಿ 10,000 ಬೀಳುವ ಕಡೆ ಏರುಪೇರು 100 ಮಾತ್ರ, ಬರೀ ಶೇ 1. ಏರುಪೇರು ಯಾವಾಗಲೂ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ.

ರಾತ್ರಿ ತೆಗೆದ ಫೋಟೊದ ಕತ್ತಲ ಭಾಗದಲ್ಲಿ ರವೆ ಉದುರಿಸಿದಂತೆ ಕಾಣುವ ಕಾಳುಕಾಳಿಗೆ ಮುಖ್ಯ ಕಾರಣ ಇದೇ. ಫೋಟೊಗ್ರಾಫರುಗಳ ಮಾತಿನಲ್ಲಿ ಅದು 'ನಾಯ್ಸ್'. ಐಎಸ್‌ಒ ಏರಿಸಿದರೆ ಬೆಳಕೇನೂ ಹೆಚ್ಚುವುದಿಲ್ಲ. ಸಿಕ್ಕಷ್ಟು ಬೆಳಕನ್ನೇ ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಏರುಪೇರನ್ನೂ ಹಿಗ್ಗಿಸುತ್ತದೆ. ಫೋನ್ ತಯಾರಕರಿಗೂ ಇದು ಗೊತ್ತು. ಅದಕ್ಕೇ ನಾಲ್ಕು ಪಿಕ್ಸೆಲ್ಲುಗಳನ್ನು ಕೂಡಿಸಿ ಒಂದು ಮಾಡುತ್ತಾರೆ. 50 ಮೆಗಾಪಿಕ್ಸೆಲ್ ಫೋನು ಸಾಮಾನ್ಯವಾಗಿ ಉಳಿಸುವ ಚಿತ್ರ ಹನ್ನೆರಡೂವರೆಯದ್ದು. "ಅಯ್ಯೋ, ಹಾಗಾದ್ರೆ ಮೋಸ!" ಅಂದಳು ಹುಡುಗಿ. ಮೋಸ ಅನ್ನಲಾಗದು, ಜಾಣತನ. ಹಲವು ಚಿತ್ರಗಳನ್ನು ಪಟಪಟನೆ ತೆಗೆದು ಒಂದರ ಮೇಲೊಂದು ಹೊಂದಿಸುವುದೂ ಅದೇ ಜಾಣತನದ ಇನ್ನೊಂದು ರೂಪ.

ಇಪ್ಪತ್ನಾಲ್ಕು ಎಷ್ಟು ದೊಡ್ಡದು?

1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 10,000 ಪಿಕ್ಸೆಲ್. ಸುಮಾರು 3.6 ಕಿಲೊ ತೂಕದ ಆ ಪೆಟ್ಟಿಗೆ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಮರುವರ್ಷ ಅದೇ ಕಂಪನಿಯ ಬ್ರೈಸ್ ಬೇಯರ್ ಅವರಿಗೆ ಬಣ್ಣದ ಜಾಲರಿಯೊಂದಕ್ಕೆ ಪೇಟೆಂಟ್ ಸಿಕ್ಕಿತು. ಪ್ರತಿ ನಾಲ್ಕು ಪಿಕ್ಸೆಲ್ಲಿನಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಸೋಸಣಿಗೆ. ಹಸಿರಿಗೆ ಎರಡು ಪಾಲು ಏಕೆಂದರೆ ನಮ್ಮ ಕಣ್ಣಿಗೆ ಹಸಿರಿನಲ್ಲೇ ಸೂಕ್ಷ್ಮ ಹೆಚ್ಚು. ಇಂದಿಗೂ ಬಹುಪಾಲು ಕ್ಯಾಮೆರಾ, ಫೋನುಗಳಲ್ಲಿ ಇದೇ ಜಾಲರಿ ಅಥವಾ ಇದರ ದಾಯಾದಿಗಳಿವೆ.

2003ರಲ್ಲಿ ಕ್ಯಾನನ್ 300ಡಿ ಬಂದು ಡಿಎಸ್‌ಎಲ್‌ಆರ್ ಬೆಲೆಯನ್ನು ಮೊದಲ ಬಾರಿಗೆ 1,000 ಡಾಲರಿನ ಒಳಗೆ ಇಳಿಸಿತು. ಅದರ ಶಕ್ತಿ 6.3 ಮೆಗಾಪಿಕ್ಸೆಲ್. ಈಗಿನ 24 ಮೆಗಾಪಿಕ್ಸೆಲ್ ಚಿತ್ರ 6,000 × 4,000 ಚುಕ್ಕಿಗಳದ್ದು. ಅಂಗುಲಕ್ಕೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ 20 ಅಂಗುಲ ಉದ್ದ, 13 ಅಂಗುಲ ಅಗಲ. ಗೋಡೆ ಕ್ಯಾಲೆಂಡರಿಗೆ ಧಾರಾಳ. ಹಾಗಾಗಿ ಅಂಗಡಿಯಲ್ಲಿ 18, 24 ಎಂದು ತಲೆ ಕೆಡಿಸಿಕೊಳ್ಳುವವರಿಗೆ ನನ್ನ ಮಾತು ಒಂದೇ: ಆ ಸಂಖ್ಯೆಯನ್ನು ಬದಿಗಿಟ್ಟು ಲೆನ್ಸಿನ ಅಂಚಿನ ಮೇಲೆ ಬರೆದದ್ದನ್ನು ಓದಿ.

ಲೆನ್ಸಿಗೆ ಮೊದಲ ಮಣೆ

ಕ್ಯಾಮೆರಾದ ಜೊತೆಗೇ ಕೊಡುವ 'ಕಿಟ್' ಲೆನ್ಸಿನ ಅಂಚಿನಲ್ಲಿ ಸಾಮಾನ್ಯವಾಗಿ 18-55 ಮಿಲಿಮೀಟರ್, 3.5-5.6 ಎಂದಿರುತ್ತದೆ. ಮೊದಲನೆಯದು ಎಷ್ಟು ಅಗಲ, ಎಷ್ಟು ದೂರ ಕಾಣುತ್ತದೆ ಎಂಬುದರ ಲೆಕ್ಕ. ಎರಡನೆಯದು ಬೆಳಕಿನ ಕಿಂಡಿ ಎಷ್ಟು ದೊಡ್ಡದಾಗಿ ತೆರೆಯುತ್ತದೆ ಎಂಬುದರ ಲೆಕ್ಕ. ಇದು ಭಾಗಿಸಿ ಬಂದ ಸಂಖ್ಯೆಯಾದ್ದರಿಂದ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 55 ಮಿಲಿಮೀಟರಿನಲ್ಲಿ 5.6 ಎಂದರೆ ಕಿಂಡಿಯ ವ್ಯಾಸ ಬರೀ 10 ಮಿಲಿಮೀಟರ್. 50 ಮಿಲಿಮೀಟರಿನ 1.8 ಲೆನ್ಸಿನಲ್ಲಿ ಹತ್ತಿರಹತ್ತಿರ 28 ಮಿಲಿಮೀಟರ್. ಸೆನ್ಸರಿನ ಮೇಲೆ ಬೀಳುವ ಬೆಳಕಿನಲ್ಲಿ ಎರಡಕ್ಕೂ ಹತ್ತು ಪಟ್ಟು ಅಂತರ.

ಅಂಗಡಿಯವರು ಹೇಳದ ಒಂದು ಸತ್ಯ ಇಲ್ಲಿದೆ. ಈಗಿನ ಎಷ್ಟೋ ಫೋನುಗಳ ಕಿಂಡಿಯ ಸಂಖ್ಯೆ 1.8. ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಸೆನ್ಸರು ಏಳು ಪಟ್ಟು ದೊಡ್ಡದಿದ್ದರೂ ಒಟ್ಟು ಬೆಳಕಿನ ಲೆಕ್ಕದಲ್ಲಿ ಫೋನೇ ಮುಂದು! 18ರ ತುದಿಯಲ್ಲಿ ಕ್ಯಾಮೆರಾ ಎರಡು ಪಟ್ಟು ಮುಂದಿರುತ್ತದೆ, ಅಷ್ಟೇ. ಹೊಸ ಡಿಎಸ್‌ಎಲ್‌ಆರ್ ತಂದು ಮನೆಯ ಬಲ್ಬಿನ ಬೆಳಕಲ್ಲಿ ಮಗುವಿನ ಹುಟ್ಟುಹಬ್ಬ ತೆಗೆದವರು "ಇದಕ್ಕಿಂತ ಮೊಬೈಲೇ ಚೆನ್ನಾಗಿತ್ತು" ಎಂದು ಗೊಣಗುವುದು ಇದಕ್ಕೇ. ಅದೇ ಕ್ಯಾಮೆರಾಗೆ 1.8ರ ಲೆನ್ಸ್ ಹಾಕಿದರೆ ಏಳು ಪಟ್ಟಿನ ಲಾಭ ಪೂರ್ತಿ ದಕ್ಕುತ್ತದೆ. ಹಾಗಾಗಿ ಕೈಯಲ್ಲಿರುವ ದುಡ್ಡಿನಲ್ಲಿ ಮೊದಲು ಲೆನ್ಸಿಗೆ ಎತ್ತಿಡಿ, ಉಳಿದದ್ದರಲ್ಲಿ ಕ್ಯಾಮೆರಾ.

ಇಲ್ಲೊಂದು ಹಳ್ಳ ಇದೆ, ನೋಡಿಕೊಂಡು ದಾಟಬೇಕು. ಕ್ಯಾನನ್ 1987ರಲ್ಲಿ ಇಎಫ್ ಲೆನ್ಸುಗಳನ್ನು ತಂದಾಗಲೇ ಫೋಕಸ್ ಮಾಡುವ ಮೋಟಾರನ್ನು ಲೆನ್ಸಿನೊಳಗೆ ಕೂರಿಸಿತು. ನಿಕಾನ್‌ನ ಹಳೇ ಲೆನ್ಸುಗಳಲ್ಲಿ ಮೋಟಾರಿಲ್ಲ. ಕ್ಯಾಮೆರಾದ ಮೋಟಾರೇ ಅವನ್ನು ತಿರುಗಿಸಬೇಕು. ಡಿ3500, ಡಿ5600 ಮುಂತಾದ ಆರಂಭಿಕರ ನಿಕಾನ್‌ಗಳಲ್ಲಿ ಆ ಮೋಟಾರನ್ನು ತೆಗೆದುಹಾಕಿದ್ದಾರೆ. ಅಗ್ಗಕ್ಕೆ ಸಿಕ್ಕಿತೆಂದು ಹಳೇ 'ಎಎಫ್ 50 ಡಿ' ತಂದರೆ ಫೋಕಸನ್ನು ಕೈಯಲ್ಲೇ ತಿರುಗಿಸುತ್ತ ಕೂರಬೇಕಾಗುತ್ತದೆ. ಹೆಸರಿನಲ್ಲಿ 'ಎಎಫ್-ಎಸ್' ಎಂದಿದೆಯೇ ನೋಡಿ.

ಇನ್ನು, ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿ ಕ್ಯಾಮೆರಾದ ಹುಚ್ಚು ಹತ್ತಿಸಿಕೊಂಡವರಿಗೆ 50 ಮಿಲಿಮೀಟರ್ ಸಾಲದು, 300 ಆದರೂ ಬೇಕು. ಸೆನ್ಸರ್ ಚಿಕ್ಕದಾಗಿರುವುದು ಇವರಿಗೆ ವರದಾನ. ಹಳೇ ಫಿಲ್ಮಿನ 36 × 24 ಮಿಲಿಮೀಟರ್ ಅಳತೆಗೆ ಹೋಲಿಸಿದರೆ ನಿಕಾನ್‌ನ ಈ ಸೆನ್ಸರು ಒಂದೂವರೆ ಪಟ್ಟು ಕಿರಿದು. ನೋಟದ ಅಂಚು ಕತ್ತರಿಸಿಹೋಗುವುದರಿಂದ 300ರ ಲೆನ್ಸು 450ರಷ್ಟು ಹತ್ತಿರ ತೋರಿಸುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ ಅಷ್ಟು ಸಾಕು. ಬಿಸಿಲಿರುವುದರಿಂದ ಕಿಂಡಿ ಚಿಕ್ಕದಾದರೂ ನಡೆಯುತ್ತದೆ.

ಕೈ ಬದಲಾದ ಕ್ಯಾಮೆರಾ

ಕನ್ನಡಿಯನ್ನೇ ಕಿತ್ತುಹಾಕಿದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ದೊಡ್ಡ ಕಂಪನಿಗಳು ಹೊರಳಿವೆ. 2018ರಲ್ಲಿ ಬಂದ ಡಿ3500ರ ತಯಾರಿಕೆ ಈಗಾಗಲೇ ನಿಂತಿದೆ. ಕಲಿಯುವವರಿಗೆ ಇದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು. ಮಿರರ್‌ಲೆಸ್‌ಗೆ ಹಾರಿದವರು ಬಿಟ್ಟುಕೊಟ್ಟ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕಣ್ಣಿಟ್ಟು ನೋಡಲು ಕರೆಂಟು ಬೇಡವಾದ್ದರಿಂದ ಬ್ಯಾಟರಿ ಬಾಳಿಕೆಯಲ್ಲಿ ಇವನ್ನು ಮೀರಿಸುವುದು ಕಷ್ಟ. ಕಂಪನಿಯ ಲೆಕ್ಕದಲ್ಲಿ ಡಿ3500 ಒಂದು ಚಾರ್ಜಿಗೆ 1,550 ಚಿತ್ರ ತೆಗೆಯುತ್ತದೆ.

ಹಳೆಯದನ್ನು ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ. ಮೊದಲನೆಯದು ಷಟರ್ ಎಣಿಕೆ. ಡಿ3500ರ ಷಟರನ್ನು ಪರೀಕ್ಷಿಸಿರುವುದು 1 ಲಕ್ಷ ಕ್ಲಿಕ್ಕಿಗೆ. ಒಂದು ಮದುವೆಗೆ 2,000 ಎಂದು ಹಿಡಿದರೂ ಐವತ್ತು ಮದುವೆಗೆ ಲಕ್ಷ ಮುಗಿಯಿತು! ನಿಕಾನ್ ಕ್ಯಾಮೆರಾಗಳು ಈ ಎಣಿಕೆಯನ್ನು ಪ್ರತಿ ಚಿತ್ರದ ಫೈಲಿನೊಳಗೇ ಬರೆದಿಟ್ಟಿರುತ್ತವೆ. ಎರಡನೆಯದು, ಕಿಂಡಿಯನ್ನು 16ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡುವುದು. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿಯಾದರೆ ಒರೆಸಬಹುದು, ಗೆರೆಯಾದರೆ ಬೇಡ.

ಮೂರನೆಯದನ್ನು ನಾನು ಪೆಟ್ಟು ತಿಂದು ಕಲಿತದ್ದು. ಮಲೆನಾಡಿನ ಮನೆಯಲ್ಲಿ ಒಂದು ಜೂಮ್ ಲೆನ್ಸನ್ನು ಚರ್ಮದ ಚೀಲದಲ್ಲಿ ಸುತ್ತಿ, ಭದ್ರವಾಗಿರಲಿ ಎಂದು ಕಪಾಟಿನಲ್ಲಿಟ್ಟು ಬಂದಿದ್ದೆ. ಮಳೆಗಾಲ ಕಳೆದು ದಸರೆಗೆ ಹೋಗಿ ತೆಗೆದರೆ ಗಾಜಿನೊಳಗೆ ಜೇಡನ ಬಲೆಯಂಥ ಎಳೆಗಳು. ಬೂಷ್ಟು! ಕತ್ತಲು, ತೇವ, ಚರ್ಮ ಮೂರನ್ನೂ ಒಟ್ಟಿಗೆ ಒದಗಿಸಿ ನಾನೇ ಅದನ್ನು ಸಾಕಿದ್ದೆ. ಬೂಷ್ಟು ಉಗುಳುವ ಆಮ್ಲ ಗಾಜಿನ ಲೇಪನವನ್ನೇ ತಿನ್ನುತ್ತದೆ. ಒರೆಸಿದರೂ ಕಲೆ ಹೋಗದು. ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಎಳೆ ಕಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಕ್ಯಾನನ್ನೋ ನಿಕಾನ್ನೋ ಎಂಬ ಜಗಳವನ್ನು ಕೈಗೆ ಬಿಟ್ಟುಬಿಡಿ. ಎರಡನ್ನೂ ಹಿಡಿದು, ಕಣ್ಣಿಗಿಟ್ಟು, ಹೆಬ್ಬೆರಳಿಗೆ ಚಕ್ರ ಎಟುಕುತ್ತದೆಯೇ ನೋಡಿ. ಸೆನ್ಸರಿನಲ್ಲಿ ಬರಿಗಣ್ಣಿಗೆ ತಿಳಿಯುವಷ್ಟು ವ್ಯತ್ಯಾಸವಿಲ್ಲ. ಲೆನ್ಸ್ ಎರವಲು ಕೊಡುವ ಗೆಳೆಯರ ಬಳಿ ಯಾವ ಕಂಪನಿಯದ್ದಿದೆ ಎಂಬುದೂ ಒಳ್ಳೆಯ ಕಾರಣವೇ.

ಅವರೆಕಾಳಿನ ಚಿತ್ರ

ಹುಡುಗಿ ಕೊನೆಗೆ ಕೊಂಡದ್ದು 19,000 ಕ್ಲಿಕ್ ಆಗಿದ್ದ ಹಳೇ ಕ್ಯಾಮೆರಾ, 50 ಮಿಲಿಮೀಟರಿನ 1.8 ಲೆನ್ಸು. ಅವತ್ತು ರಾತ್ರಿಯೇ ಒಂದು ಚಿತ್ರ ಕಳಿಸಿದಳು. ಅಡುಗೆಮನೆಯ ಒಂಟಿ ಬಲ್ಬಿನ ಕೆಳಗೆ ನಮ್ಮಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಾಳೆ. ರವೆಯಂಥ ಕಾಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಿಂದೆಯೇ ದೂರು ಬಂತು: "ಮಾಮ, ಅವರೆಕಾಳು ಮುಟ್ಟಬೇಕು ಅನ್ನಿಸೋ ಹಾಗೆ ಬಂದಿದೆ. ಅಜ್ಜಿ ಮುಖ ಮಸುಕು. ಲೆನ್ಸ್ ಕೆಟ್ಟಿದೆಯಾ?"

ಕೆಟ್ಟಿರಲಿಲ್ಲ. ಕಿಂಡಿ ಅಷ್ಟು ದೊಡ್ಡದಾಗಿ ತೆರೆದರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ; ಒಂದು ಮೀಟರ್ ದೂರದಲ್ಲಿ ಸುಮಾರು 3 ಸೆಂಟಿಮೀಟರ್. ಆ ಪದರ ಮೊರದ ಮೇಲೆ ಕೂತಿತ್ತು, ಅಜ್ಜಿಯ ಮುಖದ ಮೇಲೆ ಕೂರಬೇಕಿತ್ತು. ಫೋನಾಗಿದ್ದರೆ ತಾನೇ ಮುಖ ಹುಡುಕಿ, ಎಲ್ಲವನ್ನೂ ಸರಿದೂಗಿಸಿ ಕೊಡುತ್ತಿತ್ತು. ಇವಳಿಗೆ ತಪ್ಪು ಮಾಡುವ ಅವಕಾಶವೇ ಸಿಗುತ್ತಿರಲಿಲ್ಲ.

"ಕಿಂಡಿ 4ಕ್ಕೆ ಇಡು, ಫೋಕಸ್ ಚುಕ್ಕಿಯನ್ನ ಅಜ್ಜಿ ಕಣ್ಣಿನ ಮೇಲಿಡು" ಎಂದು ಬರೆದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಅವರೆಕಾಯಿ ಮುಗೀತು. ನಾಳೆ ಇನ್ನೂ ಎರಡು ಕೆ.ಜಿ. ತರ್ತೀನಿ ಅಂದೆ. ಅಜ್ಜಿ ಬೈತಿದಾರೆ."