ಬೀದಿ ಬೆಕ್ಕುಗಳು ಹೇಳುವ ಜನಗಣತಿ

ಒಂದು ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ತಿಳಿಯಲು ಸರ್ಕಾರಗಳು ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಸುತ್ತವೆ. ಬಲ್ಗೇರಿಯದ ವಾಯವ್ಯ ಮೂಲೆಯ ಒಂದು ಸಾಧಾರಣ ಹಳ್ಳಿಯಲ್ಲಿ ಮೂರು ವರ್ಷ ಕ್ಯಾಮೆರಾ ಹಿಡಿದು ತಿರುಗಿದ ನನಗೆ ಇನ್ನೊಂದು ಗಣತಿಯ ಮೇಲೆ ನಂಬಿಕೆ ಹುಟ್ಟಿದೆ. ಅದು ಬೀದಿ ಬೆಕ್ಕುಗಳ ಗಣತಿ. ಬೆಳಗಿನ ಹೊತ್ತು ಯಾವ ಗೇಟಿನ ಮುಂದೆ ಬೆಕ್ಕುಗಳು ಕುಳಿತಿವೆಯೋ ಆ ಮನೆಯಲ್ಲಿ ಒಂದು ಜೀವವಿದೆ, ಒಲೆ ಉರಿಯುತ್ತಿದೆ, ನಿನ್ನೆಯ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಹೊರಗಿಡುವ ಕೈ ಇನ್ನೂ ಆಡುತ್ತಿದೆ ಎಂದು ತಿಳಿಯಬಹುದು. ಬೆಕ್ಕುಗಳಿಲ್ಲದ ಗೇಟಿಗೆ ಬಹುತೇಕ ತುಕ್ಕು ಹಿಡಿದ ಬೀಗವಿರುತ್ತದೆ.

ಉದ್ಯೋಗದ ನಿಮಿತ್ತ ರಾಜಧಾನಿ ಸೋಫಿಯಾದಲ್ಲಿ ನೆಲೆಸಿದ್ದಾಗ, ಬಿಡುವು ಸಿಕ್ಕಾಗಲೆಲ್ಲ ನಾನು ವಿದಿನ್ ಪ್ರಾಂತ್ಯದ ಈ ಹಳ್ಳಿಗೆ ಹೋಗುತ್ತಿದ್ದೆ. ಪ್ರವಾಸಿ ಕೈಪಿಡಿಗಳಲ್ಲಿ ಅದರ ಹೆಸರಿಲ್ಲ. ಅಲ್ಲಿ ಪ್ರಾಚೀನ ಮಠವಿಲ್ಲ, ಕೋಟೆಯಿಲ್ಲ, ಬಿಸಿನೀರಿನ ಬುಗ್ಗೆಯೂ ಇಲ್ಲ. ಒಂದು ಉದ್ದನೆಯ ಬೀದಿ, ಕೆಂಪು ಹೆಂಚಿನ ಮನೆಗಳು, ಅಂಗಳಕ್ಕೆ ನೆರಳಾಗುವ ದ್ರಾಕ್ಷಿ ಚಪ್ಪರ, ಅಕ್ರೋಟು ಮರಗಳು, ಒಂದು ಚರ್ಚು, ಒಂದು ಅಂಚೆ ಕಚೇರಿ, ಅಂಗಡಿಯೂ ಕಾಫಿ ಹೋಟೆಲೂ ಒಂದೇ ಆಗಿರುವ ಒಂದು ಕಟ್ಟಡ ಇಷ್ಟೇ ಅದರ ಆಸ್ತಿ. ಡ್ಯಾನ್ಯೂಬ್ ನದಿಗೆ ವಿದಿನ್‌ನಲ್ಲಿ 2013ರಲ್ಲಿ ಸೇತುವೆಯಾದ ಮೇಲೆ ರುಮೇನಿಯದ ಕಡೆಗೆ ಹೋಗುವ ಲಾರಿಗಳ ಸಂಚಾರ ಆ ಸೀಮೆಯಲ್ಲಿ ಹೆಚ್ಚಿದೆ. ಆದರೆ ಲಾರಿಗಳು ಹೆದ್ದಾರಿಯಲ್ಲೇ ಸಾಗುತ್ತವೆ, ಹಳ್ಳಿಗಳತ್ತ ತಿರುಗುವುದಿಲ್ಲ.

ಅಂಕಿ ಅಂಶಗಳನ್ನು ನೋಡಿದರೆ ಈ ಮೌನದ ಕಾರಣ ತಿಳಿಯುತ್ತದೆ. 1985ರ ಜನಗಣತಿಯಲ್ಲಿ ಬಲ್ಗೇರಿಯದ ಜನಸಂಖ್ಯೆ ಸುಮಾರು 89.5 ಲಕ್ಷವಿತ್ತು. 2021ರಲ್ಲಿ ಅದು 65.2 ಲಕ್ಷಕ್ಕೆ ಇಳಿದಿತ್ತು. ಯುದ್ಧವಿಲ್ಲದೆ, ಬರಗಾಲವಿಲ್ಲದೆ ಒಂದು ದೇಶ ತನ್ನ ಜನರಲ್ಲಿ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಕಳೆದುಕೊಂಡ ಲೆಕ್ಕವಿದು. ವಿದಿನ್ ಪ್ರಾಂತ್ಯದ ಪಾಡು ಇನ್ನೂ ಕಠಿಣ. 2001ರಲ್ಲಿ ಅಲ್ಲಿ ಸುಮಾರು 1.3 ಲಕ್ಷ ಜನರಿದ್ದರು. ಇಪ್ಪತ್ತು ವರ್ಷಗಳ ನಂತರ ಉಳಿದವರು ಸುಮಾರು 75 ಸಾವಿರ ಮಾತ್ರ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಎರಡನೇ ಮಹಾಯುದ್ಧದ ನಂತರ ಬಂದ ಕಮ್ಯುನಿಸ್ಟ್ ಆಡಳಿತ ರೈತರ ಜಮೀನುಗಳನ್ನು ಸಹಕಾರಿ ಕೃಷಿಕ್ಷೇತ್ರಗಳಲ್ಲಿ ಸೇರಿಸಿತು; ಹೊಸ ಕಾರ್ಖಾನೆಗಳು ಯುವಕರನ್ನು ಪಟ್ಟಣಗಳಿಗೆ ಸೆಳೆದವು. 1989ರ ನವೆಂಬರಿನಲ್ಲಿ ತೊದೊರ್ ಝಿವ್ಕೋವ್ ಅಧಿಕಾರದಿಂದ ಇಳಿದ ಬಳಿಕ ಆ ವ್ಯವಸ್ಥೆ ಕುಸಿಯಿತು. ಸಹಕಾರಿ ಕ್ಷೇತ್ರಗಳನ್ನು ವಿಸರ್ಜಿಸಿ ಜಮೀನನ್ನು ಹಳೆಯ ಒಡೆಯರಿಗೆ ಹಿಂದಿರುಗಿಸಲಾಯಿತು. ಆದರೆ ಉಳುವ ಕೈಗಳು ಆಗಲೇ ಊರು ಬಿಟ್ಟಿದ್ದವು. 2007ರ ಜನವರಿ 1ರಂದು ದೇಶ ಐರೋಪ್ಯ ಒಕ್ಕೂಟವನ್ನು ಸೇರಿದ ಮೇಲೆ ಜರ್ಮನಿ, ಸ್ಪೇನ್, ಬ್ರಿಟನ್‌ಗಳ ಬಾಗಿಲು ಇನ್ನಷ್ಟು ಅಗಲವಾಗಿ ತೆರೆಯಿತು. ಮಕ್ಕಳು ಕಡಿಮೆಯಾದಂತೆ ಹಳ್ಳಿಯ ಶಾಲೆಗಳು ಮುಚ್ಚಿದವು. ಶಾಲೆ ಮುಚ್ಚಿದ ಊರಿನಲ್ಲಿ ಯಾವ ಹೊಸ ಸಂಸಾರ ತಾನೇ ನೆಲೆ ನಿಂತೀತು? ಒಬ್ಬ ನಿವಾಸಿಯೂ ಇಲ್ಲದ ನೂರಕ್ಕೂ ಹೆಚ್ಚು ಗ್ರಾಮಗಳು ಇಂದು ಬಲ್ಗೇರಿಯದ ದಾಖಲೆಗಳಲ್ಲಿವೆ.

ಇಂಥ ಊರಿಗೆ ಕ್ಯಾಮೆರಾ ಹಿಡಿದು ಬರುವ ಅಪರಿಚಿತನನ್ನು ಜನ ಸಂದೇಹದಿಂದ ನೋಡುವುದು ಸಹಜ. ಅವನು ಅಗ್ಗದ ಬೆಲೆಗೆ ಮನೆ ಕೊಳ್ಳಲು ಬಂದವನೋ, ಖಾಲಿ ಮನೆಗಳ ಕಬ್ಬಿಣ ಸಾಗಿಸಲು ಹೊಂಚು ಹಾಕುವವನೋ ಯಾರಿಗೆ ಗೊತ್ತು? ಈ ಸಂದೇಹವನ್ನು ಕರಗಿಸಿದ್ದು ಬೆಕ್ಕುಗಳು. ಬೀದಿಯಲ್ಲಿ ಮೊಣಕಾಲೂರಿ, ಗೋಡೆಯ ಮೇಲೆ ಕುಳಿತ ಬೆಕ್ಕಿನತ್ತ ಮಸೂರ ತಿರುಗಿಸಿದರೆ ಸಾಕು, ಎಲ್ಲೋ ಒಂದು ಕಿಟಕಿ ತೆರೆಯುತ್ತದೆ. ಅದರ ಹೆಸರೇನು, ತಾಯಿ ಯಾವುದು, ಹೋದ ಚಳಿಗಾಲದಲ್ಲಿ ಅದು ಯಾರ ಕೊಟ್ಟಿಗೆಯಲ್ಲಿ ಮರಿ ಹಾಕಿತು ಎಂಬ ಪೂರ್ಣ ವಂಶಾವಳಿ ಹೊರಬರುತ್ತದೆ. ನಾನು ಬೀದಿ ಬೆಕ್ಕು ಎಂದುಕೊಂಡಿದ್ದಕ್ಕೆ ಮೂರು ಮನೆಗಳಲ್ಲಿ ಮೂರು ಹೆಸರುಗಳಿದ್ದವು. ಒಡೆಯರಿಲ್ಲದ ಬೆಕ್ಕು ಎನ್ನುವುದಕ್ಕಿಂತ ಇಡೀ ಬೀದಿಯೇ ಒಡೆತನ ಹಂಚಿಕೊಂಡ ಬೆಕ್ಕು ಎನ್ನುವುದು ಹೆಚ್ಚು ಸರಿ.

ಅನುಮತಿ ಕೇಳುವ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಬಲ್ಗೇರಿಯನ್ನರು 'ಹೌದು' ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. 'ಬೇಡ' ಎನ್ನಲು ತಲೆಯನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತಾರೆ. ಪಶ್ಚಿಮ ಯುರೋಪಿನವರು ಇದರಿಂದ ತಬ್ಬಿಬ್ಬಾಗುವುದುಂಟು. ತಲೆಯನ್ನು ಓಲಾಡಿಸಿ ಒಪ್ಪಿಗೆ ಕೊಡುವ ನಮ್ಮ ಕಡೆಯವರಿಗೆ ಅದೇನೂ ಅಪರಿಚಿತವಲ್ಲ. ಹಾಗೆಯೇ ಅಲ್ಲಿ 'ಬಾಬಾ' ಎಂದರೆ ಗಡ್ಡದ ಸಾಧುವಲ್ಲ, ಅಜ್ಜಿ. ಆ ಊರಿನಲ್ಲಿ ನಾನು ಹೆಚ್ಚಾಗಿ ಮಾತನಾಡಿದ್ದು ಅಂಥ ಅಜ್ಜಿಯರ ಜೊತೆಗೇ.

ಬೆಕ್ಕಿನ ಚಿತ್ರ ತೆಗೆಯುವುದು ನೋಡಲು ಸುಲಭ, ಮಾಡಲು ಕಷ್ಟ. ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಬೆಕ್ಕು ಬರೀ ಒಂದು ಬೆನ್ನು, ಎರಡು ಕಿವಿ. ಅದರ ಕಣ್ಣಿನ ಮಟ್ಟಕ್ಕೆ ನಾವು ಇಳಿದಾಗ ಮಾತ್ರ ಅದರ ಲೋಕ ನಮಗೆ ಕಾಣುತ್ತದೆ. ಕಪ್ಪು ಬೆಕ್ಕನ್ನು ಕ್ಯಾಮೆರಾದ ಬೆಳಕಿನ ಮಾಪಕ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಆಗ ಎಕ್ಸ್‌ಪೋಷರ್ ತಗ್ಗಿಸಬೇಕು. ಹಿಮದ ಮೇಲೆ ಕುಳಿತ ಬಿಳಿ ಬೆಕ್ಕಿಗೆ ಅದನ್ನೇ ಏರಿಸಬೇಕು. ಫ್ಲಾಷ್ ಬೆಳಗಿದರೆ ಬೆಕ್ಕು ಓಡುತ್ತದೆ, ವಿಶ್ವಾಸವೂ ಅದರೊಂದಿಗೆ ಓಡುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಕಾಯುವುದು. ಅರ್ಧ ಗಂಟೆ ಒಂದೇ ಕಡೆ ಕುಳಿತರೆ ಬೆಕ್ಕು ನಮ್ಮನ್ನು ಮರೆಯುತ್ತದೆ, ಜನರೂ ಮರೆಯುತ್ತಾರೆ. ನಿತ್ಯಜೀವನ ಆರಂಭವಾಗುವುದು ಆಗಲೇ.

ಹೀಗೆ ಕುಳಿತಾಗ ಕಂಡದ್ದು ಒಂದು ವರ್ಷದ ಪಂಚಾಂಗ. ಮಾರ್ಚ್ 1ರಂದು ಎಲ್ಲರ ಮಣಿಕಟ್ಟಿನಲ್ಲೂ ಕೆಂಪು ಬಿಳಿ ದಾರದ 'ಮಾರ್ತೆನಿತ್ಸ'. ಕೊಕ್ಕರೆಯೋ ಹೂಬಿಟ್ಟ ಮರವೋ ಕಂಡ ದಿನ ಅದನ್ನು ಬಿಚ್ಚಿ ಕೊಂಬೆಗೆ ಕಟ್ಟುತ್ತಾರೆ. ಗಾಳಿಗೆ ಆಡುವ ಆ ದಾರದ ಮೇಲೆ ಮರಿ ಬೆಕ್ಕುಗಳ ದಾಳಿ ನಡೆಯುತ್ತದೆ. ವಸಂತದಲ್ಲಿ ವಿದ್ಯುತ್ ಕಂಬಗಳ ತುದಿಯಲ್ಲಿ ಕೊಕ್ಕರೆಗಳ ಸಂಸಾರ. ಬೇಸಿಗೆ ಕಳೆಯುತ್ತಿದ್ದಂತೆ ಅಂಗಳದಲ್ಲಿ ಕೆಂಪು ದಪ್ಪಮೆಣಸಿನಕಾಯಿ ಸುಡುವ ವಾಸನೆ ಊರನ್ನೆಲ್ಲ ತುಂಬುತ್ತದೆ. ಅದರ ಸಿಪ್ಪೆ ಸುಲಿದು, ಟೊಮೆಟೊ ಜೊತೆ ಕುದಿಸಿ 'ಲ್ಯುತೆನಿತ್ಸ' ಎಂಬ ಗೊಜ್ಜು ಮಾಡಿ ಗಾಜಿನ ಜಾಡಿಗಳಲ್ಲಿ ಚಳಿಗಾಲಕ್ಕೆ ಕಾಪಿಡುತ್ತಾರೆ. ಶರತ್ಕಾಲದಲ್ಲಿ ದ್ರಾಕ್ಷಿ, ಪ್ಲಮ್ ಹಣ್ಣುಗಳಿಂದ 'ರಕಿಯಾ' ಭಟ್ಟಿ ಇಳಿಸುವ ಕಾಲ. ಆ ಭಟ್ಟಿಯ ಬೆಚ್ಚಗಿನ ಗೋಡೆಯ ಬದಿಯಲ್ಲಿ ಬೆಕ್ಕುಗಳಿಗೆ ಕಾಯ್ದಿರಿಸಿದ ಸ್ಥಳಗಳಿವೆ.

ಜಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಊರಲ್ಲಿ ಉಳಿಯುವುದಿಲ್ಲ. ಅವು ಪಟ್ಟಣದ ಮಕ್ಕಳಿಗೆ ಹೋಗುತ್ತವೆ. ಹೊರ ಊರುಗಳಿಂದ ಸೋಫಿಯಾಕ್ಕೆ ಬಂದು ನೆಲೆಸಿದವರನ್ನು ಅಲ್ಲಿಯ ಜನ ಲೇವಡಿಯಿಂದ 'ಬುರ್ಕಾನಿ', ಅಂದರೆ 'ಜಾಡಿಗಳು', ಎಂದು ಕರೆಯುತ್ತಾರೆ. ಹಳ್ಳಿ ಸತ್ತಿದೆ ಎಂದು ಮಾತನಾಡುವ ಪಟ್ಟಣ ಹಳ್ಳಿಯ ಜಾಡಿಯಿಂದಲೇ ಊಟ ಮಾಡುತ್ತಿರುತ್ತದೆ!

ತಿಂಗಳ 7ರಿಂದ 20ರವರೆಗೆ ಪಿಂಚಣಿ ಪಾವತಿಯ ದಿನಗಳು. ಹಳ್ಳಿಯ ಅಂಚೆ ಕಚೇರಿಗೆ ಹಣ ಬಂದ ದಿನ ಮೆಟ್ಟಿಲುಗಳ ಮೇಲೆ ಮಾತು, ನಗು, ರಾಜಕೀಯ ಎಲ್ಲ ಒಟ್ಟಿಗೆ. ಅದರ ಎದುರಿಗಿದೆ 'ಚಿತಾಲಿಷ್ಟೆ'. ಓದುವ ತಾಣ ಎಂಬುದು ಆ ಪದದ ಮೂಲಾರ್ಥ. ಆಟೊಮನ್ ಆಳ್ವಿಕೆಯ ಕಾಲದಲ್ಲಿ, 1856ರಲ್ಲಿ, ಸ್ವಿಷ್ತೊವ್, ಲೊಮ್ ಮತ್ತು ಶುಮೆನ್ ಪಟ್ಟಣಗಳಲ್ಲಿ ಜನರೇ ಸೇರಿ ಕಟ್ಟಿದ ಈ ಸಂಸ್ಥೆ ಗ್ರಂಥಾಲಯ, ರಂಗಮಂದಿರ, ಹಾಡು ಕುಣಿತದ ಶಾಲೆ ಎಲ್ಲವೂ ಆಗಿ ಹಳ್ಳಿ ಹಳ್ಳಿಗೆ ಹರಡಿತು. 2017ರಲ್ಲಿ ಯುನೆಸ್ಕೊ ಇದನ್ನು ಪರಂಪರೆ ಉಳಿಸುವ ಉತ್ತಮ ಪದ್ಧತಿಗಳ ಪಟ್ಟಿಗೆ ಸೇರಿಸಿತು. ನಾನು ಕಂಡ ಚಿತಾಲಿಷ್ಟೆಯಲ್ಲಿ ಏಳು ಮಂದಿ ಅಜ್ಜಿಯರ ಗಾಯನ ತಂಡ ವಾರಕ್ಕೊಮ್ಮೆ ಸೇರುತ್ತಿತ್ತು. ಕಿಟಕಿಯ ಹಲಗೆಯ ಮೇಲೆ ಒಂದು ಕಂದು ಬೆಕ್ಕು ತಪ್ಪದ ಶ್ರೋತೃ.

ಆದರೆ ಆ ಊರಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಛಾಯಾಚಿತ್ರಗಳು ನಾನು ತೆಗೆದವಲ್ಲ. ಅವು 'ನೆಕ್ರೊಲೊಗ್'ಗಳು. ಯಾರಾದರೂ ತೀರಿಕೊಂಡರೆ ಅವರ ಭಾವಚಿತ್ರವಿರುವ ಒಂದು ಹಾಳೆಯನ್ನು ಮುದ್ರಿಸಿ ಮನೆಯ ಗೇಟು, ಮರ, ಬಸ್ ನಿಲ್ದಾಣಗಳ ಮೇಲೆ ಅಂಟಿಸುವುದು ಅಲ್ಲಿನ ರೂಢಿ. ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ, ಮುಂದೆಯೂ ವರ್ಷ ವರ್ಷ ಹೊಸ ಹಾಳೆ. ಎಷ್ಟೋ ಬೀದಿಗಳಲ್ಲಿ ಓಡಾಡುವ ಮುಖಗಳಿಗಿಂತ ಗೇಟಿಗಂಟಿದ ಮುಖಗಳೇ ಹೆಚ್ಚು. ಎಂಬತ್ತು ದಾಟಿದ ಒಬ್ಬ ಅಜ್ಜಿ, ನಾನು ಅವರ ಆರು ಬೆಕ್ಕುಗಳ ಚಿತ್ರ ತೆಗೆಯುತ್ತಿದ್ದಾಗ, ಒಳಗೆ ಹೋಗಿ ಒಳ್ಳೆಯ ರವಿಕೆ ತೊಟ್ಟು ಹೊರಬಂದರು. ಗೇಟಿಗೆ ಹಚ್ಚಲು ತಮಗೊಂದು ಸರಿಯಾದ ಚಿತ್ರ ಬೇಕು ಎಂದರು; ಮಗಳು ಸ್ಪೇನಿನಿಂದ ಬರುವಷ್ಟರಲ್ಲಿ ಹಳೆಯ ಗುರುತಿನ ಚೀಟಿಯ ಚಿತ್ರವನ್ನೇ ಹಾಕಿಬಿಟ್ಟಾರು ಎಂಬ ಆತಂಕ ಅವರದು. ನಾನು ತೆಗೆದೆ. ಕೊನೆಗೆ, ಒಂದು ಬೆಕ್ಕನ್ನು ಮಡಿಲಿಗೆ ಎತ್ತಿಕೊಂಡು ನಗುತ್ತಾ, "ಇದು ಗೇಟಿಗಲ್ಲ, ಮಗಳಿಗೆ" ಎಂದು ಇನ್ನೊಂದು ತೆಗೆಸಿದರು. ಮುಂದಿನ ಸಲ ಎರಡನ್ನೂ ಮುದ್ರಿಸಿ ಒಯ್ದು ಕೊಟ್ಟೆ. ಮೊದಲನೆಯದು ಕಪಾಟಿನೊಳಗೆ ಸೇರಿತು, ಎರಡನೆಯದು ಗೋಡೆಯ ಮೇಲೆ.

ಈ ಎರಡು ಚಿತ್ರಗಳ ನಡುವಿನ ಅಂತರವೇ ನನ್ನ ಮಾತಿನ ತಿರುಳು. ಪೂರ್ವ ಯುರೋಪಿನ ಹಳ್ಳಿಗೆ ಬರುವ ಛಾಯಾಗ್ರಾಹಕರಿಗೆ ಕುಸಿದ ಛಾವಣಿ, ಒಡೆದ ಕಿಟಕಿ, ಹುಲ್ಲು ಬೆಳೆದ ಶಾಲೆಯ ಅಂಗಳಗಳ ಮೇಲೆ ಅತಿಯಾದ ಮೋಹ. ಅವು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಪಾಳುಬಿದ್ದ ಮನೆ ಅಲುಗಾಡುವುದಿಲ್ಲ, ಅನುಮತಿ ಕೇಳುವುದಿಲ್ಲ, ಚಿತ್ರ ಹೇಗೆ ಬಂತು ಎಂದು ವಿಚಾರಿಸುವುದೂ ಇಲ್ಲ. ಹಾಗಾಗಿ ಅದು ಸುಲಭದ ವಸ್ತು. ಆದರೆ ಬದುಕಿರುವವರ ಊರನ್ನು ಸತ್ತ ಊರೆಂದು ಮತ್ತೆ ಮತ್ತೆ ತೋರಿಸಿದರೆ ಅದಕ್ಕೆ ಬೆಲೆ ತೆರುವವರು ಅಲ್ಲಿನ ನಿವಾಸಿಗಳು. ಸತ್ತ ಊರಿಗೆ ಬಸ್ಸೇಕೆ, ಅಂಚೆ ಕಚೇರಿಯೇಕೆ, ವಾರಕ್ಕೊಮ್ಮೆ ಬರುವ ವೈದ್ಯರೇಕೆ ಎಂದು ಕೇಳುವವರಿಗೆ ಇಂಥ ಚಿತ್ರಗಳು ಒಳ್ಳೆಯ ಸಾಕ್ಷ್ಯ ಒದಗಿಸುತ್ತವೆ. ಬಲ್ಗೇರಿಯನ್ನರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಇಂದಿಗೂ ಹಳ್ಳಿಗಳಲ್ಲೇ ವಾಸಿಸುತ್ತಾರೆ ಎಂಬ ಸಂಗತಿಯನ್ನು ಯಾವ ಒಡೆದ ಕಿಟಕಿಯೂ ಹೇಳುವುದಿಲ್ಲ.

ಹಾಗೆಂದು ಬೆಕ್ಕುಗಳ ಬದುಕನ್ನು ಸುಂದರ ಅಂಚೆಕಾರ್ಡಾಗಿ ಕಾಣುವುದೂ ತಪ್ಪು. ಸುಮಾರು ಒಂಬತ್ತು ವಾರಗಳ ಗರ್ಭದ ನಂತರ ಮರಿ ಹಾಕುವ ಹೆಣ್ಣು ಬೆಕ್ಕು ವರ್ಷಕ್ಕೆ ಎರಡು ಮೂರು ಸಲ ಈಯಬಲ್ಲದು. ಹುಟ್ಟಿದ ಮರಿಗಳಲ್ಲಿ ಚಳಿಗಾಲ ದಾಟುವವು ಕೆಲವೇ. ಸಂತಾನಹರಣ ಶಸ್ತ್ರಚಿಕಿತ್ಸೆಯೊಂದೇ ಕರುಣೆಯ ದಾರಿ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಪಶುವೈದ್ಯರು ಇರುವುದು ಪಟ್ಟಣದಲ್ಲಿ. ಬಸ್ಸು ದಿನಕ್ಕೆ ಒಂದೋ ಎರಡೋ. ಖರ್ಚು ಭರಿಸಬೇಕಾದದ್ದು ಪಿಂಚಣಿಯ ಹಣದಲ್ಲಿ. ಮನುಷ್ಯರಿಗೆ ಇಲ್ಲವಾದ ಸೌಲಭ್ಯಗಳು ಬೆಕ್ಕುಗಳಿಗೂ ಇಲ್ಲವಾಗಿವೆ.

ಜನ ಹೋದ ಮೇಲೆ ಪ್ರಕೃತಿ ಊರನ್ನು ಮರಳಿ ಪಡೆಯುತ್ತದೆ, ಬೆಕ್ಕುಗಳು ಸ್ವತಂತ್ರವಾಗಿ ಬಾಳುತ್ತವೆ ಎಂಬುದು ಪಟ್ಟಣದವರ ಕಲ್ಪನೆ. ಹತ್ತಿರದಲ್ಲೇ ಪೂರ್ತಿ ಖಾಲಿಯಾದ ಒಂದು ಪುಟ್ಟ ಗ್ರಾಮಕ್ಕೂ ನಾನು ಹೋಗಿದ್ದೆ. ಅಲ್ಲಿ ಸೇಬಿನ ಮರಗಳಿದ್ದವು, ಹಕ್ಕಿಗಳಿದ್ದವು, ನೀರಿನ ತೊಟ್ಟಿ ಹರಿಯುತ್ತಲೇ ಇತ್ತು. ಬೆಕ್ಕು ಮಾತ್ರ ಒಂದೂ ಇರಲಿಲ್ಲ. ಯುರೋಪಿನಲ್ಲೇ ಅತಿ ಹೆಚ್ಚು ನರಿಗಳಿರುವ ದೇಶ ಬಲ್ಗೇರಿಯ. ಮುಸ್ಸಂಜೆಯಾಗುತ್ತಲೇ ಅವುಗಳ ಊಳು ಕೇಳಿತು. ತಟ್ಟೆ ಇಡುವ ಕೈ ಇಲ್ಲದ ಕಡೆ ಬೆಕ್ಕು ಬಹುಕಾಲ ನಿಲ್ಲುವುದಿಲ್ಲ.

ಆದ್ದರಿಂದಲೇ ನನ್ನ ಸಂಗ್ರಹದಲ್ಲಿರುವ ನೂರಾರು ಬೆಕ್ಕಿನ ಚಿತ್ರಗಳನ್ನು ನಾನು ಪ್ರಾಣಿಗಳ ಚಿತ್ರಗಳೆಂದು ಕರೆಯುವುದಿಲ್ಲ. ಒಂದೊಂದರ ಅಂಚಿನಲ್ಲೂ ಒಂದು ಬೋಗುಣಿ, ಒಂದು ಚಪ್ಪಲಿ, ಒಂದು ಕೈಯ ನೆರಳು ಇದ್ದೇ ಇದೆ. ಮುಂದಿನ ಗಣತಿಯ ಅಧಿಕಾರಿಗಳು ಈ ಹಳ್ಳಿಗೆ ಬಂದಾಗ ಪುಸ್ತಕದಲ್ಲಿ ಬರೆಯುವ ಸಂಖ್ಯೆ ಬಹುಶಃ ಇನ್ನೂ ಚಿಕ್ಕದಾಗಿರುತ್ತದೆ. ಅದನ್ನು ತಡೆಯುವ ಶಕ್ತಿ ಕ್ಯಾಮೆರಾಕ್ಕಿಲ್ಲ. ಆದರೆ ಆ ಸಂಖ್ಯೆ ಸೊನ್ನೆಯಾಗುವ ಮೊದಲೇ ಊರನ್ನು ಸೊನ್ನೆ ಎಂದು ತೋರಿಸದಿರುವುದು ಕ್ಯಾಮೆರಾ ಹಿಡಿದವರ ಕೈಯಲ್ಲೇ ಇದೆ.