ಕುಂಬಳಕಾಯಿ ಒಡೆದಾಯ್ತು... ಡಿಸ್ಕಿಗೆ ಇಳಿಸೋದು ಬಾಕಿ!

ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದಾಯ್ತು. ಸಂಕಲನ ಮುಗೀತು. ಹಿನ್ನೆಲೆ ಸಂಗೀತ ಕೂತಿತು, ಟೈಟಲ್ ಕಾರ್ಡೂ ಬಿತ್ತು. ಗೆಳೆಯರ ಬಳಗ ಸೇರಿ ತೆಗೆದ ಕಿರುಚಿತ್ರ ಸಿದ್ಧ! ಇನ್ನು ಮನೆಮಂದಿಗೆಲ್ಲ ತೋರಿಸೋದೊಂದೇ ಬಾಕಿ ಅಂದುಕೊಂಡಿರಾ? ತಾಳಿ ಸ್ವಾಮಿ, ಕಥೆ ಇನ್ನೂ ಇಂಟರ್‌ವಲ್‌ಗೇ ಬಂದಿಲ್ಲ!

ಎಷ್ಟೋ ಹುಡುಗರು ಮಾಡೋದು ಇಷ್ಟೇ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಫೈಲನ್ನು ಹಾಗೇ ಡಿಸ್ಕಿಗೆ ಕಾಪಿ ಹೊಡೆದು, ಸ್ಪರ್ಧೆಗೋ ಸಂಘದ ವಾರ್ಷಿಕೋತ್ಸವಕ್ಕೋ ಒಯ್ಯುತ್ತಾರೆ. ಪ್ಲೇಯರಿಗೆ ಹಾಕಿದರೆ ಟಿ.ವಿ. ಕಪ್ಪು. ಬೇರೆಯವರ ಕಂಪ್ಯೂಟರಿನಲ್ಲಿ ಪ್ರೀಮಿಯರ್ ಸಾಫ್ಟ್‌ವೇರ್ ತೆರೆದು ನೋಡಿದರೆ, ಕೆಂಪು ಪರದೆಯ ಮೇಲೆ ‘ಮೀಡಿಯಾ ಆಫ್‌ಲೈನ್’ ಅನ್ನೋ ಬರಹ! ತಿಂಗಳುಗಟ್ಟಲೆ ಸುರಿಸಿದ ಬೆವರು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಪ್ರಾಜೆಕ್ಟ್ ಫೈಲಿನಲ್ಲಿ ಸಿನಿಮಾ ಇರೋದೇ ಇಲ್ಲ! ಯಾವ ಶಾಟ್, ಎಲ್ಲಿಂದ ಎಲ್ಲಿವರೆಗೆ, ಅದರ ಹಿಂದೆ ಯಾವ ಶಾಟ್ ಅನ್ನೋ ಚೀಟಿ ಮಾತ್ರ ಅಲ್ಲಿರುತ್ತೆ. 1970ರ ದಶಕದಲ್ಲಿ ಸಂಕಲನಕಾರರು ಪಾಸಿಟಿವ್ ಪ್ರಿಂಟನ್ನು ಕತ್ತರಿಸಿ ಅಂಟಿಸುತ್ತಿದ್ದರು. ಆಮೇಲೆ ಫಿಲ್ಮಿನ ಅಂಚಿನ ನಂಬರ್ ನೋಡಿ ನೆಗೆಟಿವ್ ಕತ್ತರಿಸಿ, ಮದರಾಸಿನ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದ ಮೇಲೇ ಡಬ್ಬಗಳು ಟಾಕೀಸಿಗೆ ಹೊರಡುತ್ತಿದ್ದದ್ದು. ಆ ಪ್ರಿಂಟ್ ಹಾಕೋ ಕೆಲಸಕ್ಕೇ ಇವತ್ತಿನ ಹೆಸರು ‘ಎಕ್ಸ್‌ಪೋರ್ಟ್’.

ಡಿಸ್ಕಿನ ಹೊಟ್ಟೆ ಎಷ್ಟು?

ಮಾಮೂಲಿ ಡಿ.ವಿ.ಡಿ. ಮೇಲೆ 4.7 ಜಿ.ಬಿ. ಅಂತ ಬರೆದಿರುತ್ತೆ. ಕಂಪ್ಯೂಟರ್ ತೋರಿಸೋದು 4.37. ಅಂಗಡಿಯವನನ್ನು ಬೈಬೇಡಿ, ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ. ಈ ಹೊಟ್ಟೆಗೆ ಎರಡು ಗಂಟೆಯ ಚಿತ್ರ ತುಂಬಿಸಿದರೆ, ಚಿತ್ರ ಧ್ವನಿ ಎರಡೂ ಸೇರಿ ಸೆಕೆಂಡಿಗೆ 5 ಮೆಗಾಬಿಟ್ ಸಿಗುತ್ತೆ. ಮೂರು ಗಂಟೆ ತುಂಬಿದಿರೋ, ಮೂರೂವರೆಯೂ ಇಲ್ಲ! ಆಗ ನೋಡಿ, ಫೈಟಿಂಗ್ ಬಂದರೆ, ಮಳೆ ಹಾಡು ಬಂದರೆ ಪರದೆ ತುಂಬ ಚೌಕ ಚೌಕ. ‘ಒಂದರಲ್ಲಿ ಮೂರು ಚಿತ್ರ’ ಅಂತ ಮಾರುತ್ತಿದ್ದ ಡಿಸ್ಕುಗಳಲ್ಲಿ ನಮ್ಮ ನಾಯಕನ ಮುಖ ಚಿತ್ರಾನ್ನವಾಗುತ್ತಿದ್ದದ್ದು ಇದಕ್ಕೇ!

ಹತ್ತೇ ನಿಮಿಷದ ಕಿರುಚಿತ್ರ, ಜಾಗ ಬೇಕಾದಷ್ಟಿದೆ ಅಂತ ಬಿಟ್‌ರೇಟ್ ಏರಿಸೋಕೂ ಹೋಗಬೇಡಿ. ಡಿ.ವಿ.ಡಿ. ಕಟ್ಟಳೆಯಲ್ಲಿ ಚಿತ್ರಕ್ಕೆ 9.8 ಮೆಗಾಬಿಟ್ ಗರಿಷ್ಠ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿಗೆ 7, 8 ಕ್ಷೇಮ. ದಾಟಿದರೆ ಹಳೇ ಪ್ಲೇಯರುಗಳು ತಡವರಿಸುತ್ತವೆ.

ಮೊಬೈಲಿನಲ್ಲಿ 4ಕೆ ತೆಗೆದಿದ್ದರೂ ನಮ್ಮ ಪಾಲ್ ಪದ್ಧತಿಯ ಡಿ.ವಿ.ಡಿ.ಯಲ್ಲಿ ಅದು 720x576ಕ್ಕೆ ಕುಗ್ಗಲೇಬೇಕು, ಎಂಪೆಗ್-2 ಆಗಲೇಬೇಕು. ಹಳೇ ಡಬ್ಬ ಟಿ.ವಿ. ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತೆ. ಹೆಸರುಗಳನ್ನು ಅಂಚಿಗೆ ಹಾಕಿದರೆ ನಿರ್ದೇಶಕರ ಅರ್ಧ ಹೆಸರು ಮಾಯ! ಇನ್ನೊಂದು ತಮಾಷೆ ಗೊತ್ತಾ? ಟಾಕೀಸಿನ ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪಾಲ್ 25. ವೇಗ ಏರಿಸಿ ಹೊಂದಿಸಿದರೆ 150 ನಿಮಿಷದ ಚಿತ್ರ 144ಕ್ಕೇ ಮುಗಿಯುತ್ತೆ. ಧ್ವನಿ ಸರಿಪಡಿಸದಿದ್ದರೆ ನಾಯಕನ ದನಿಯೂ ಕೊಂಚ ಕೀಚಲು!

ಎಕ್ಸ್‌ಪೋರ್ಟ್ ಆದ ಫೈಲನ್ನು ಡಿ.ವಿ.ಡಿ. ರೂಪಕ್ಕೆ ತಂದು ಮೆನು ಕೂರಿಸೋದು ಇನ್ನೊಂದು ಸಾಫ್ಟ್‌ವೇರಿನ ಕೆಲಸ. ಪ್ರೀಮಿಯರ್ ಜೊತೆಗೆ ಬರುತ್ತಿದ್ದ ಎನ್‌ಕೋರ್ 2012ರ ಆವೃತ್ತಿಗೇ ನಿಂತುಹೋಯಿತು. ಡಿ.ವಿ.ಡಿ. ಸ್ಟೈಲರ್ ಪುಕ್ಕಟೆ ಸಿಗುತ್ತೆ, ನಮಗೆ ಸಾಕು. ಬರ್ನ್ ಮಾಡೋವಾಗ ವೇಗ ಕಮ್ಮಿ ಇಡಿ. ಕೊನೆಗೆ ‘ಫೈನಲೈಸ್’ ಮರೆತರೆ ಪ್ಲೇಯರ್ ಡಿಸ್ಕನ್ನು ಗುರುತೇ ಹಿಡಿಯದೆ ಹೋಗಬಹುದು.

ಡಿಲೀಟ್ ಒತ್ತೋ ಮುಂಚೆ...

ಅಸಲು ದುರಂತ ಆಗೋದು ಇದಾದ ಮೇಲೆ. ಡಿಸ್ಕ್ ಚೆನ್ನಾಗಿ ಓಡ್ತು, ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ಚಿತ್ರಕ್ಕೆ ಜಾಗ ಬೇಕು ಅಂತ ಹಾರ್ಡ್ ಡಿಸ್ಕಿನಲ್ಲಿದ್ದದ್ದೆಲ್ಲ ಡಿಲೀಟ್! ‘ಡಿ.ವಿ.ಡಿ. ಇದೆಯಲ್ಲ’ ಅನ್ನೋ ಧೈರ್ಯ. ಆದರೆ ಒಮ್ಮೆ ಹಿಂಡಿದ ಚಿತ್ರ ಹಿಂದಕ್ಕೆ ಬರೋದಿಲ್ಲ. ನಾಳೆ ದೊಡ್ಡ ಪರದೆಯ ಮೇಲೆ ತೋರಿಸೋ ಅವಕಾಶ ಬಂದರೆ ಕೊಡೋಕೆ ಏನಿದೆ? ಸಾಲದ್ದಕ್ಕೆ, ಕಂಪನಿಯವರು ಅಚ್ಚೊತ್ತುವ ಡಿಸ್ಕೇ ಬೇರೆ, ನಾವು ಬರ್ನ್ ಮಾಡೋ ಡಿಸ್ಕೇ ಬೇರೆ. ನಮ್ಮದರಲ್ಲಿ ಲೇಸರ್ ಗುರುತು ಬೀಳೋದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಶಾಖ ತಗುಲಿದರೆ ಆ ಬಣ್ಣ ಕೆಡುತ್ತೆ, ಚಿತ್ರವೂ ಹೋಗುತ್ತೆ.

ಆದ್ದರಿಂದ ಡಿ.ವಿ.ಡಿ.ಗೆ ಮೊದಲೇ ಒಂದು ಮಾಸ್ಟರ್ ಫೈಲ್ ತೆಗೆದಿಡಿ. ತೆಗೆದ ಅಳತೆಯಲ್ಲೇ, ಪ್ರೋರೆಸ್ ಅಥವಾ ಡಿಎನ್ಎಕ್ಸ್ಎಚ್ಆರ್ ತರಹದ, ಹೆಚ್ಚು ಹಿಂಡದ ಫೈಲ್. ಅದರ ಜೊತೆಗೆ ಪ್ರಾಜೆಕ್ಟು, ಮೂಲ ಶಾಟುಗಳು, ಹಾಡು, ಡಬ್ಬಿಂಗ್ ಎಲ್ಲ ಒಂದೇ ಫೋಲ್ಡರಿನಲ್ಲಿ ಹಾಕಿ, ಎರಡು ಹಾರ್ಡ್ ಡಿಸ್ಕುಗಳಲ್ಲಿಟ್ಟು, ಒಂದನ್ನು ಗೆಳೆಯನ ಮನೆಗೆ ಕಳಿಸಿ. ಡಿ.ವಿ.ಡಿ.ಗೆ ಹೀರೋ ಫೋಟೋದ ಸ್ಟಿಕರ್ ಮಾತ್ರ ಅಂಟಿಸಬೇಡಿ, ತಿರುಗೋವಾಗ ಓಲಾಡುತ್ತೆ. ಮಾರ್ಕರ್ ಪೆನ್ನಿನಲ್ಲಿ ಚಿತ್ರದ ಹೆಸರು, ವರ್ಷ ಬರೆದರೆ ಸಾಕು.