ಫೈಲ್ ಸ್ಕ್ರೋಲ್ ಆಗ್ತಿಲ್ವಾ? ರ‍್ಯಾಮ್ ಕೊಳ್ಳೋ ಮುಂಚೆ ಇದನ್ನ ಓದಿ

ರಿಪೋರ್ಟ್ ಸೀಸನ್ ಶುರುವಾದ್ರೆ ಹಾಸ್ಟೆಲ್ ಕಾರಿಡಾರಿನಲ್ಲಿ ಕೇಳಿಸೋ ಮಾತು ಒಂದೇ: "ಮಗಾ, ಫೈಲ್ ಹ್ಯಾಂಗ್ ಆಗ್ತಿದೆ ಕಣೋ." ಹತ್ತು ಪುಟ ಇದ್ದಾಗ ಚೆನ್ನಾಗಿಯೇ ಇದ್ದ ಫೈಲ್, ಅರವತ್ತು ಪುಟ ಆಗುವಷ್ಟರಲ್ಲಿ ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತೆ. ಮೌಸ್ ಚಕ್ರ ತಿರುಗಿಸಿದ್ರೆ ಏನೂ ಆಗಲ್ಲ, ಆಮೇಲೆ ಒಂದೇ ಸಲ ಮೂರು ಪುಟ ಹಾರಿಹೋಗುತ್ತೆ. ಇದಕ್ಕೆ ಕ್ಯಾಂಪಸ್ಸಿನಲ್ಲಿ ಸಿಗೋ ಪರಿಹಾರವೂ ಒಂದೇ: "ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸು."

ನಮ್ಮ ಸಂಘದ ವಾರ್ಷಿಕ ಸಂಚಿಕೆ ತಯಾರಾಗುವಾಗಲೂ ಇದೇ ಆಯ್ತು. 84 ಪುಟ, 40 ಫೋಟೋ. ಆಗ ಬಂದ ಇನ್ನೊಂದು ಸಲಹೆ ಸ್ವಲ್ಪ ಗಾಬರಿ ಹುಟ್ಟಿಸುವಂಥದ್ದು: "ಯೂನಿಕೋಡ್ ಕನ್ನಡ ಭಾರ, ಅದಕ್ಕೇ ಸ್ಲೋ. ನುಡಿಯ ಹಳೇ ಆಸ್ಕಿ ಫಾಂಟಿಗೇ ವಾಪಸ್ ಹೋಗೋಣ." ಮೊದಲನೇ ಸಲಹೆ ಕೇಳಿದ್ರೆ ಅಪ್ಪ ಅಮ್ಮನ ದುಡ್ಡು ಹೋಗುತ್ತೆ. ಎರಡನೇದು ಕೇಳಿದ್ರೆ ನಾವು ಬರೆದಿದ್ದನ್ನ ನಾಳೆ ಯಾರೂ ಸರ್ಚ್ ಮಾಡಿ ಹುಡುಕೋಕೆ ಆಗಲ್ಲ. ಎರಡೂ ಅಳತೆ ಮಾಡದೆ ಕೊಟ್ಟ ಸಲಹೆಗಳು. ಹಾಗಾಗಿ ಸ್ಕ್ರೋಲ್ ಮಾಡುವಾಗ ಒಳಗೆ ಏನು ನಡೆಯುತ್ತೆ, ಎಲ್ಲಿ ತಡವಾಗುತ್ತೆ ಅಂತ ಪತ್ತೆ ಮಾಡೋದು ಹೇಗೆ, ಸರಿಪಡಿಸೋದು ಹೇಗೆ ಅಂತ ನೋಡೋಣ. ಉದಾಹರಣೆಗಳು ಲಿಬ್ರೆ ಆಫೀಸ್ ರೈಟರ್ ಮತ್ತು ಮೈಕ್ರೋಸಾಫ್ಟ್ ವರ್ಡ್‌ನವು, ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರ ಲ್ಯಾಪ್‌ಟಾಪಿನಲ್ಲಿ ಇರೋದು ಅವೇ.

16.7 ಮಿಲಿಸೆಕೆಂಡಿನ ಬಜೆಟ್

ಸಾಮಾನ್ಯ ಲ್ಯಾಪ್‌ಟಾಪ್ ಪರದೆ 60 ಹರ್ಟ್ಝ್‌ನದು. ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತೆ. 1000 ಮಿಲಿಸೆಕೆಂಡನ್ನ 60ರಿಂದ ಭಾಗಿಸಿ: ಒಂದು ಫ್ರೇಮಿಗೆ ಸಿಗೋ ಸಮಯ ಸುಮಾರು 16.7 ಮಿಲಿಸೆಕೆಂಡ್. ಗೇಮಿಂಗ್ ಲ್ಯಾಪ್‌ಟಾಪಿನ 144 ಹರ್ಟ್ಝ್ ಪರದೆ ಆದ್ರೆ ಬರೀ 6.9.

ಈ ಸಮಯದೊಳಗೆ ಎಡಿಟರ್ ಹೊಸ ಚಿತ್ರ ಕೊಡದಿದ್ರೆ ಹಳೇ ಚಿತ್ರವೇ ಪರದೆ ಮೇಲೆ ಉಳಿಯುತ್ತೆ. ಒಂದು ಫ್ರೇಮ್ ತಪ್ಪಿದ್ರೆ ಕಣ್ಣಿಗೆ ಗೊತ್ತಾಗೋದೇ ಇಲ್ಲ. ಸಾಲಾಗಿ ಹತ್ತು ತಪ್ಪಿದ್ರೆ "ಹ್ಯಾಂಗ್" ಅಂತೀವಿ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಲ್ಯಾಪ್‌ಟಾಪ್ ಸ್ಲೋನಾ?" ಅಂತಲ್ಲ, "ಈ 16.7 ಮಿಲಿಸೆಕೆಂಡನ್ನ ಯಾವ ಕೆಲಸ ತಿಂತಿದೆ?" ಅಂತ.

ಒಂದು ಪುಟ ಕಾಣಿಸೋಕೆ ಎಷ್ಟು ಕೆಲಸ

ಒಂದೊಂದೇ ನೋಡೋಣ.

ಮೊದಲನೇದು ಲೇಔಟ್. ಯಾವ ಪದ ಯಾವ ಸಾಲಿಗೆ, ಯಾವ ಸಾಲು ಯಾವ ಪುಟಕ್ಕೆ ಅನ್ನೋ ಲೆಕ್ಕ. 70ನೇ ಪುಟ ಎಲ್ಲಿಂದ ಶುರು ಅಂತ ಹೇಳೋಕೆ ಅದರ ಹಿಂದಿನ 69 ಪುಟದ ಲೆಕ್ಕ ಮುಗಿದಿರಬೇಕು. ದೊಡ್ಡ ಫೈಲ್ ತೆರೆದ ತಕ್ಷಣ ಕೆಳಗಿನ ಪಟ್ಟಿಯಲ್ಲಿ ಒಟ್ಟು ಪುಟದ ಸಂಖ್ಯೆ ನಿಧಾನಕ್ಕೆ ಏರೋದನ್ನ ನೀವು ನೋಡಿರಬಹುದು, ಆಗ ನಡೀತಿರೋದು ಇದೇ ಲೆಕ್ಕ. ಅದು ಮುಗಿಯುವವರೆಗೆ ಸ್ಕ್ರೋಲ್ ತಡವರಿಸಿದ್ರೆ ರೋಗ ಅಂತ ತಿಳ್ಕೋಬೇಡಿ, ಒಂದೆರಡು ನಿಮಿಷ ಬಿಡಿ.

ಎರಡನೇದು ಶೇಪಿಂಗ್, ಅಂದ್ರೆ ಅಕ್ಷರಗಳನ್ನ ಕೂಡಿಸಿ ಆಕಾರ ಕೊಡೋದು. ಮೂರನೇದು ಚಿತ್ರಗಳನ್ನ ಡಿಕೋಡ್ ಮಾಡೋದು. ನಾಲ್ಕನೇದು ಇದನ್ನೆಲ್ಲ ಪರದೆ ಮೇಲೆ ಬಿಡಿಸೋದು. ಇವುಗಳ ಮಧ್ಯೆ ಕಾಗುಣಿತ ತಪಾಸಣೆ, ಆಟೋ ಸೇವ್ ತರದ ಕೆಲಸಗಳೂ ಬಂದು ಸೇರಿಕೊಳ್ತವೆ.

ಇಲ್ಲೊಂದು ವಿಷಯ ಗಮನಿಸಿ. ಡೆಸ್ಕ್‌ಟಾಪ್ ಎಡಿಟರುಗಳಲ್ಲಿ ಲೇಔಟ್ ಮತ್ತು ಚಿತ್ರಣದ ಹೆಚ್ಚಿನ ಕೆಲಸ ಒಂದೇ ಮುಖ್ಯ ಥ್ರೆಡ್‌ನಲ್ಲಿ ನಡೆಯುತ್ತೆ. ನಿಮ್ಮ ಮೌಸಿಗೆ ಉತ್ತರ ಕೊಡೋದೂ ಅದೇ ಥ್ರೆಡ್. "ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ 13% ತೋರಿಸ್ತಿದೆ, ಆದ್ರೂ ಯಾಕೆ ಸ್ಲೋ?" ಅಂತ ಕೇಳೋರಿಗೆ ಉತ್ತರ ಇದರಲ್ಲೇ ಇದೆ. ಟಾಸ್ಕ್ ಮ್ಯಾನೇಜರ್ 8 ಪ್ರೊಸೆಸರ್ ಎಣಿಸುವ ಮಷಿನ್ ಆದ್ರೆ ಒಂದು ಪೂರ್ತಿ ತುಂಬಿದ್ರೂ ಒಟ್ಟು 12.5% ಅಷ್ಟೇ. ಬಸ್ಸಿನಲ್ಲಿ ಎಂಟು ಸೀಟ್ ಖಾಲಿ ಇದ್ರೇನು, ಡ್ರೈವರ್ ಒಬ್ಬನೇ ತಾನೇ.

ಕನ್ನಡದ ಮೇಲಿನ ಆರೋಪ

ಈಗ ಎರಡನೇ ಸಲಹೆಯನ್ನ ವಿಚಾರಣೆಗೆ ತಗೊಳ್ಳೋಣ. ಯೂನಿಕೋಡ್ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಕೆಲಸ ಬೇಕು ಅನ್ನೋದು ನಿಜ. "ಶಾಸ್ತ್ರ" ಪದದ "ಸ್ತ್ರ" ನಮಗೆ ಒಂದೇ ಗುಂಪು. ಫೈಲಿನಲ್ಲಿ ಅದು ಐದು ಸಂಕೇತ: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ. "ಅರ್ಕ"ದಲ್ಲಿ ರ ಮೊದಲು ಬರುತ್ತೆ, ಆದ್ರೆ ಅರ್ಕಾವೊತ್ತನ್ನ ಕ ಆದಮೇಲೆ ಬಿಡಿಸಬೇಕು. ಲಿಬ್ರೆ ಆಫೀಸ್‌ನಲ್ಲಿ ಈ ಕೆಲಸ ಮಾಡೋದು ಹಾರ್ಫ್‌ಬಝ್ ಅನ್ನೋ ಲೈಬ್ರರಿ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಇರೋದು ಅದೇ. ಅಂದ್ರೆ ನೀವು ಫೋನಿನಲ್ಲಿ ಕನ್ನಡ ಪೋಸ್ಟುಗಳನ್ನ ಸರಾಗವಾಗಿ ಸ್ಕ್ರೋಲ್ ಮಾಡುವಾಗಲೂ ಇದೇ ಕೆಲಸ ನಡೀತಾ ಇರುತ್ತೆ.

ನುಡಿಯ ಹಳೇ ಆಸ್ಕಿ ಫಾಂಟುಗಳಲ್ಲಿ ಈ ಹೆಜ್ಜೆ ಇಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನ ಕೂರಿಸಿರುತ್ತಾರೆ. ಕಂಪ್ಯೂಟರ್ ಕಣ್ಣಿಗೆ ಅದು ಕನ್ನಡವೇ ಅಲ್ಲ.

ಹಾಗಾದ್ರೆ ಶೇಪಿಂಗ್‌ನಿಂದಲೇ ಸ್ಲೋ ಆಗ್ತಿದೆಯಾ? ಇದನ್ನ ಪರೀಕ್ಷಿಸೋದು ಸುಲಭ. ಸಂಚಿಕೆಯ ಫೈಲಿನ ಪ್ರತಿ ಮಾಡಿಕೊಂಡು, ಅಕ್ಷರ ಒಂದನ್ನೂ ಮುಟ್ಟದೆ, 40 ಫೋಟೋ ಮಾತ್ರ ಅಳಿಸಿದ್ವಿ. ಸ್ಕ್ರೋಲ್ ಬೆಣ್ಣೆ ಹಾಗೆ ಜಾರಿಕೊಂಡು ಹೋಯ್ತು. ಇನ್ನೊಂದು ಪ್ರತಿಯಲ್ಲಿ ಫೋಟೋ ಇಟ್ಟು ಕನ್ನಡ ಪಠ್ಯವನ್ನೆಲ್ಲ ತೆಗೆದ್ವಿ. ತಡವರಿಕೆ ಹಾಗೇ ಉಳೀತು. ಒಂದು ಪುಟದಲ್ಲಿ ಇರೋ ಅಕ್ಷರಗಳು ಕೆಲವು ಸಾವಿರ ಅಷ್ಟೇ, ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಇಲ್ಲ. ಕನ್ನಡ ಖುಲಾಸೆ.

ನಿಜವಾದ ಭಾರ ಎಲ್ಲಿದೆ

"ಫೋಟೋ ಒಂದೊಂದೂ 3-4 ಎಂಬಿ ಅಷ್ಟೇ ಅಲ್ವಾ?" ಅಂತ ನೀವು ಕೇಳಬಹುದು. ಅದು ಡಿಸ್ಕಿನ ಮೇಲಿನ ಗಾತ್ರ. ಜೆಪೆಗ್ ಅಂದ್ರೆ ಒತ್ತಿ ಮಡಚಿಟ್ಟ ಬಟ್ಟೆ ಇದ್ದಹಾಗೆ, ಪರದೆ ಮೇಲೆ ತೋರಿಸಬೇಕಾದ್ರೆ ಪೂರ್ತಿ ಬಿಚ್ಚಬೇಕು. 12 ಮೆಗಾಪಿಕ್ಸೆಲ್ ಫೋನ್ ಫೋಟೋ 4000 × 3000 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬೈಟ್ ಹಿಡಿದ್ರೆ ಮೆಮೊರಿಯಲ್ಲಿ 48 ಎಂಬಿ. ಅಂಥ 40 ಫೋಟೋಗೆ 1920 ಎಂಬಿ, ಹತ್ತಿರ ಹತ್ತಿರ 2 ಜಿಬಿ. 4 ಜಿಬಿ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಬೇರೆ ತೆರೆದಿದ್ರೆ ಅಷ್ಟು ಜಾಗ ಎಲ್ಲಿಂದ ಬರುತ್ತೆ?

ಎಡಿಟರುಗಳಿಗೂ ಇದು ಗೊತ್ತು. ಅದಕ್ಕೇ ಬಿಚ್ಚಿದ ಚಿತ್ರಗಳನ್ನ ಒಂದು ಮಿತಿಯವರೆಗೆ ಮಾತ್ರ ಕ್ಯಾಶ್‌ನಲ್ಲಿ ಇಟ್ಕೊಳ್ತವೆ. ಮಿತಿ ಮೀರಿದ್ರೆ ಹಳೇದನ್ನ ಹೊರಗೆ ಹಾಕ್ತವೆ. ನೀವು ಕೆಳಗೆ ಹೋಗಿ ಮತ್ತೆ ಮೇಲೆ ಬಂದ್ರೆ ಅದೇ ಫೋಟೋ ಮತ್ತೆ ಬಿಚ್ಚಬೇಕು, ಮತ್ತೆ ಪುಟದ ಅಳತೆಗೆ ಕುಗ್ಗಿಸಬೇಕು. ಒಂದು ದೊಡ್ಡ ಜೆಪೆಗ್ ಬಿಚ್ಚೋಕೆ ಬೇಕಾದ ಸಮಯವೇ 16.7 ಮಿಲಿಸೆಕೆಂಡಿನ ಬಜೆಟ್ಟನ್ನ ಸುಲಭವಾಗಿ ದಾಟುತ್ತೆ.

ಈಗ ಇನ್ನೊಂದು ಲೆಕ್ಕ. ಎ4 ಹಾಳೆಯಲ್ಲಿ ಮಾರ್ಜಿನ್ ಬಿಟ್ಟು ಫೋಟೋಗೆ ಸಿಗೋ ಅಗಲ ಸುಮಾರು 6 ಇಂಚು. ಒಳ್ಳೇ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಸಾಕು. ಅಂದ್ರೆ 1800 × 1350. ಮೆಮೊರಿಯಲ್ಲಿ 9.7 ಎಂಬಿ, ಮೂಲದ ಐದನೇ ಒಂದು ಭಾಗ. ಮೇಷ್ಟ್ರಿಗೆ ಪಿಡಿಎಫ್ ಮಾತ್ರ ಕಳಿಸೋದಾದ್ರೆ 150 ಸಾಕು. ಆಗ 900 × 675, ಬರೀ 2.4 ಎಂಬಿ, ಮೂಲಕ್ಕಿಂತ 20 ಪಟ್ಟು ಕಡಿಮೆ.

ಮೂಲೆ ಹಿಡಿದು ಫೋಟೋ ಚಿಕ್ಕದು ಮಾಡಿದ್ರೆ ಪಿಕ್ಸೆಲ್ ಕಡಿಮೆ ಆಗಲ್ಲ. ಅಂಚೆ ಚೀಟಿಯಷ್ಟು ಕಾಣಿಸಿದ್ರೂ ಒಳಗೆ 1.2 ಕೋಟಿ ಪಿಕ್ಸೆಲ್ ಹಾಗೇ ಕೂತಿರುತ್ತೆ. ಕ್ರಾಪ್ ಮಾಡಿದ್ರೂ ಸಾಮಾನ್ಯವಾಗಿ ಅಷ್ಟೇ, ಕತ್ತರಿಸಿದ ಭಾಗ ಕಾಣಿಸಲ್ಲ, ಆದ್ರೆ ಫೈಲಿನಲ್ಲಿ ಇರುತ್ತೆ.

ಪತ್ತೆ ಮಾಡೋದು ಹೇಗೆ

ನಿಮ್ಮ ಫೈಲಿನಲ್ಲೂ ಫೋಟೋದ್ದೇ ತಪ್ಪು ಅಂತ ಮೊದಲೇ ತೀರ್ಮಾನ ಮಾಡಬೇಡಿ. ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ.

1. ಹೊಸ ಫೈಲಿನಲ್ಲಿ ಐವತ್ತು ಪುಟ ಬರೀ ಪಠ್ಯ ಇದ್ದಾಗಲೂ ಸ್ಲೋನಾ? ಹೌದಾದ್ರೆ ಸಮಸ್ಯೆ ಗ್ರಾಫಿಕ್ಸ್ ಡ್ರೈವರಿನದು, ಸೆಟ್ಟಿಂಗಿನದು ಅಥವಾ ಎಕ್ಸ್‌ಟೆನ್ಷನ್‌ನದು. ಫೈಲಿನದಲ್ಲ.
2. ಚಿತ್ರ ಅಡಗಿಸಿದಾಗ ಸರಿಹೋಗುತ್ತಾ? ರೈಟರ್‌ನ ವ್ಯೂ ಮೆನುವಿನಲ್ಲಿ "ಇಮೇಜಸ್ ಅಂಡ್ ಚಾರ್ಟ್ಸ್" ಟಿಕ್ ತೆಗೀರಿ. ವರ್ಡ್‌ನಲ್ಲಿ ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ "ಶೋ ಪಿಕ್ಚರ್ ಪ್ಲೇಸ್‌ಹೋಲ್ಡರ್ಸ್" ಇದೆ, ಸಾಲಿನೊಳಗೆ ಕೂರಿಸಿದ ಚಿತ್ರಗಳಿಗೆ ಅದು ನಡೆಯುತ್ತೆ. ಏನನ್ನೂ ಅಳಿಸದೆ ಮಾಡಬಹುದಾದ ಪರೀಕ್ಷೆ ಇದು.
3. ಮೊದಲ ಸಲ ಮಾತ್ರ ತಡವರಿಸಿ ಎರಡನೇ ಸಲ ಸರಾಗವಾಗಿ ಹೋಗುತ್ತಾ? ಹಾಗಾದ್ರೆ ಬಿಚ್ಚೋ ಖರ್ಚು ಇದೆ, ಕ್ಯಾಶ್ ಸಾಕಾಗ್ತಿದೆ. ಎರಡೂ ಸಲ ಸ್ಲೋ ಆದ್ರೆ ಕ್ಯಾಶ್ ತುಂಬಿ ತುಳುಕ್ತಿದೆ, ಇಲ್ಲಾ ಬಿಡಿಸೋ ಕೆಲಸವೇ ಭಾರ.
4. ಟೈಪ್ ಮಾಡಿದಾಗ ಮಾತ್ರ ಸ್ಲೋನಾ? ಹಾಗಿದ್ರೆ ಲೇಔಟ್ ಮೇಲೆ ಅನುಮಾನ ಪಡಿ.

ಇಷ್ಟರಲ್ಲೂ ಸಿಗದಿದ್ರೆ ಡೇಟಾ ಸ್ಟ್ರಕ್ಚರ್ ಕ್ಲಾಸಿನ ಬೈನರಿ ಸರ್ಚ್ ಇದೆಯಲ್ಲ, ಅದನ್ನ ಹೊರಗೆ ತೆಗೀರಿ. ಫೈಲಿನ ಪ್ರತಿ ಮಾಡಿ ಅರ್ಧ ಅಳಿಸಿ. ಇನ್ನೂ ಸ್ಲೋ ಇದ್ರೆ ಅಪರಾಧಿ ಉಳಿದ ಅರ್ಧದಲ್ಲಿದ್ದಾನೆ. ಸರಿಹೋದ್ರೆ ಅಳಿಸಿದ ಅರ್ಧದಲ್ಲಿ. 96 ಪುಟ ಐದೇ ಹೆಜ್ಜೆಯಲ್ಲಿ 3 ಪುಟಕ್ಕೆ ಇಳಿಯುತ್ತೆ. ಎರಡೂ ಅರ್ಧ ಸ್ವಲ್ಪ ಸ್ವಲ್ಪ ಸ್ಲೋ ಇದ್ರೆ ಅಪರಾಧಿ ಒಬ್ಬನಲ್ಲ, ಭಾರ ಎಲ್ಲ ಕಡೆ ಹರಡಿದೆ ಅಂತ ಅರ್ಥ. ಫೋಟೋ ಕೇಸುಗಳಲ್ಲಿ ಹೆಚ್ಚಾಗಿ ಹೀಗೇ ಆಗೋದು.

ಇನ್ನೊಂದು ಉಪಾಯ: ಡಾಕ್ಎಕ್ಸ್ ಮತ್ತು ಓಡಿಟಿ ಎರಡೂ ನಿಜಕ್ಕೂ ಜಿಪ್ ಫೈಲುಗಳು. ಪ್ರತಿಯೊಂದನ್ನ ಮಾಡಿ, ಎಕ್ಸ್‌ಟೆನ್ಷನ್ ಬದಲಿಸಿ ತೆರೆದು ನೋಡಿ. ವರ್ಡ್ ಫೈಲಿನಲ್ಲಿ "ಮೀಡಿಯಾ" ಫೋಲ್ಡರ್, ರೈಟರ್ ಫೈಲಿನಲ್ಲಿ "ಪಿಕ್ಚರ್ಸ್" ಫೋಲ್ಡರ್ ಸಿಗುತ್ತೆ. ಎಲ್ಲಾ ಚಿತ್ರ ಅಲ್ಲೇ ಇರ್ತವೆ. ಎಂಬಿ ನೋಡಬೇಡಿ, ಪಿಕ್ಸೆಲ್ ಅಳತೆ ನೋಡಿ.

ಸರಿಪಡಿಸೋದು ಹೇಗೆ

ಮೂಲ ಫೋಟೋಗಳನ್ನ ಬೇರೆ ಫೋಲ್ಡರಿನಲ್ಲಿ ಭದ್ರವಾಗಿಡಿ. ಆಮೇಲೆ ರೈಟರ್‌ನಲ್ಲಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ "ಕಂಪ್ರೆಸ್" ಸಿಗುತ್ತೆ. ವರ್ಡ್‌ನಲ್ಲಿ ಪಿಕ್ಚರ್ ಫಾರ್ಮ್ಯಾಟ್ ಟ್ಯಾಬಿನ "ಕಂಪ್ರೆಸ್ ಪಿಕ್ಚರ್ಸ್"ಗೆ ಹೋಗಿ, "ಈ ಚಿತ್ರಕ್ಕೆ ಮಾತ್ರ" ಅನ್ನೋ ಟಿಕ್ ತೆಗೆದ್ರೆ ಒಂದೇ ಸಲ ಎಲ್ಲ ಚಿತ್ರಕ್ಕೂ ಆಗುತ್ತೆ. ಕ್ರಾಪ್ ಮಾಡಿದ ಭಾಗ ಅಳಿಸೋ ಆಯ್ಕೆಯೂ ಅಲ್ಲೇ ಇದೆ. ಇದಕ್ಕಿಂತ ಒಳ್ಳೇದು ಅಂದ್ರೆ ಹಾಕೋ ಮುಂಚೆಯೇ ಅಳತೆ ಇಳಿಸೋದು.

ಫೋಟೋ ಅಲ್ಲದ ಅಪರಾಧಿಗಳೂ ಇದ್ದಾರೆ. ಎಂಜಿನಿಯರಿಂಗ್ ರಿಪೋರ್ಟುಗಳಲ್ಲಿ ನಂಬರ್ ಒನ್ ಅಂದ್ರೆ ವೆಕ್ಟರ್ ಗ್ರಾಫ್. "ವೆಕ್ಟರ್ ಯಾವಾಗಲೂ ಉತ್ತಮ" ಅಂತ ಕೇಳಿರ್ತೀವಿ. ಹತ್ತು ಬಿಂದುವಿನ ಗ್ರಾಫಿಗೆ ಅದು ನಿಜ. 50,000 ಬಿಂದು ಇರೋ ಸ್ಕ್ಯಾಟರ್ ಪ್ಲಾಟನ್ನ ಎಸ್‌ವಿಜಿ ಮಾಡಿ ಹಾಕಿದ್ರೆ ಎಡಿಟರ್ 50,000 ಚುಕ್ಕೆ ಇಡಬೇಕು. ಅಂಥದ್ದನ್ನ 300 ಡಿಪಿಐ ಪಿಎನ್‌ಜಿ ಮಾಡಿ ಹಾಕಿ. ಹತ್ತಾರು ಪುಟ ಹರಡಿದ ಒಂದೇ ಟೇಬಲ್ ಇದ್ರೆ ಅದನ್ನ ಒಡೆದು ನಾಲ್ಕೈದು ಮಾಡಿ. ಗೈಡ್ ತಿದ್ದಿದ ಸಾವಿರಾರು ಟ್ರ್ಯಾಕ್ ಚೇಂಜಸ್ ಒಪ್ಪಿಯಾದ ಮೇಲೂ ಇಟ್ಕೊಂಡಿದ್ರೆ ಅಕ್ಸೆಪ್ಟ್ ಮಾಡಿ ಮುಗಿಸಿ. ಕನ್ನಡ ಪಠ್ಯವನ್ನ ಎಡಿಟರ್ ಇಂಗ್ಲಿಷ್ ಅಂದ್ಕೊಂಡು ಪ್ರತಿ ಪದಕ್ಕೂ ಕೆಂಪು ಗೆರೆ ಎಳೀತಿದ್ರೆ ಭಾಷೆಯನ್ನ ಕನ್ನಡ ಅಂತ ಸೆಟ್ ಮಾಡಿ.

ಸೆಟ್ಟಿಂಗ್ ಕೊನೆಗೆ ಮುಟ್ಟಿ. ಲಿಬ್ರೆ ಆಫೀಸ್‌ಗೆ 7.0 ಆವೃತ್ತಿಯಲ್ಲಿ, 2020ರಲ್ಲಿ, ಸ್ಕಿಯಾ ಅನ್ನೋ ಚಿತ್ರಣ ಲೈಬ್ರರಿ ಬಂತು. ಟೂಲ್ಸ್, ಆಪ್ಷನ್ಸ್, ವ್ಯೂ ಒಳಗೆ ಅದರ ಆಯ್ಕೆ ಇದ್ರೆ ಒಮ್ಮೆ ಆನ್, ಒಮ್ಮೆ ಆಫ್ ಮಾಡಿ ನೋಡಿ. ಡ್ರೈವರ್ ಮೇಲೆ ಫಲಿತಾಂಶ ಬದಲಾಗುತ್ತೆ. ಎಕ್ಸ್‌ಟೆನ್ಷನ್ ಮೇಲೆ ಅನುಮಾನ ಇದ್ರೆ ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ಗೆ ಹೋಗಿ. ವರ್ಡ್ ಆದ್ರೆ ಕಂಟ್ರೋಲ್ ಕೀ ಒತ್ತಿಹಿಡಿದು ತೆರೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತೇ ಆಗಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮೆಮೊರಿ ತುಂಬಿಯೇ ಇದ್ರೆ ಆಗ ರ‍್ಯಾಮ್ ಮಾತು ಆಡೋಣ. ಇನ್ನು 3 ಪುಟಕ್ಕೆ ಇಳಿಸಿದ ಮೇಲೂ ಕಾರಣ ಸಿಗದಿದ್ರೆ ಆ 3 ಪುಟದ ಫೈಲನ್ನ ಎಸೀಬೇಡಿ. ಲಿಬ್ರೆ ಆಫೀಸ್ ತೆರೆದ ಆಕರದ ತಂತ್ರಾಂಶ, ಅದರ ಬಗ್‌ಝಿಲ್ಲಾದಲ್ಲಿ ಯಾರು ಬೇಕಾದ್ರೂ ದೂರು ದಾಖಲಿಸಬಹುದು. "ಸ್ಲೋ ಇದೆ" ಅಂತ ಬರೆದ ದೂರಿಗಿಂತ, ತೊಂದರೆ ತೋರಿಸೋ ಪುಟ್ಟ ಫೈಲ್ ಇರೋ ದೂರು ಡೆವಲಪರಿಗೆ ಎಷ್ಟೋ ಪಾಲು ಉಪಯೋಗ. ಅದು ಕನ್ನಡ ಫೈಲೇ ಆಗಿದ್ರೆ ಇನ್ನೂ ಒಳ್ಳೇದು.

ಮುಂದಿನ ಸಂಚಿಕೆಗೆ ಲೇಖನ ಕಳಿಸೋರಿಗೆ ಒಂದು ಕೋರಿಕೆ: ಪಠ್ಯ ಯೂನಿಕೋಡ್‌ನಲ್ಲೇ ಇರಲಿ. ಫೋಟೋಗಳನ್ನ ಫೈಲಿನೊಳಗೆ ತುರುಕದೆ ಬೇರೆಯಾಗಿ ಕಳಿಸಿ, ಅಳತೆ ಇಳಿಸೋ ಕೆಲಸ ನಾವು ನೋಡ್ಕೊಳ್ತೀವಿ.